ಮುಂಜಾನೆಯಲ್ಲಿ ಸಂಜೆ ಮಾಡುವ ಬೋರ್ಡಕ್ಕ

ಬೋರ್ಡಕ್ಕ ಗೋಡೆಯನ್ನು ಅಂಗೈಯಿಂದ ಮುಟ್ಟುವುದಿಲ್ಲ. ಜ್ವರ ಬಂದ ಮಗುವಿನ ಹಣೆ ನೋಡುವ ತಾಯಿಯ ಹಾಗೆ ಬೆರಳು ಮಡಚಿ, ಕೈಯ ಹಿಂಬದಿಯನ್ನು ಮೆತ್ತಗೆ ತಾಗಿಸಿ, ಕಣ್ಣು ಮುಚ್ಚಿ ನಿಲ್ಲುತ್ತಾರೆ. ಸೂರ್ಯ ಇನ್ನೂ ಹುಟ್ಟಿಲ್ಲ. ತಲೆಯ ಮೇಲೆ ಅರ್ಧ ಸೂರಿದೆ, ಇನ್ನರ್ಧ ಬರೀ ಆಕಾಶ. ಬಿರುಗಾಳಿ ಕಿತ್ತು ಒಯ್ದ ಕಡೆಯಿಂದ ನಸುಬೆಳಕು ಸುರಿದು, ಪ್ಲಾಸ್ಟಿಕ್ ಹಾಳೆ ಹೊದ್ದ ಬೀರುಗಳ ಮೇಲೆ, ಗೋಡೆಗೊರಗಿಸಿದ ಹಾಸಿಗೆಗಳ ಮೇಲೆ ಹಾಲಿನಂತೆ ಹರಡುತ್ತಿದೆ. ಹೊರಗೆ ಬೀದಿಯಲ್ಲಿ ಕೊಯ್ದು ಪೇರಿಸಿದ ಮರಗಳಿಂದ ಹಸಿ ಹೊಟ್ಟಿನ ವಾಸನೆ.

"ಇದು ಇನ್ನೂ ಒಳಗೊಳಗೇ ಅಳ್ತಿದೆ," ಎಂದು ಒಂದು ಗೋಡೆಯನ್ನು ಬಿಟ್ಟು ಪಕ್ಕದ ಗೋಡೆಗೆ ಹೋಗುತ್ತಾರೆ. "ಇದು ಪರವಾಗಿಲ್ಲ. ಅತ್ತು ಮುಗಿಸಿದೆ."

ಕಂಬದಲ್ಲೇ ಸಂಪರ್ಕ ಕಡಿದಿದ್ದಾರೆ, ಮನೆಯಲ್ಲಿ ಒಂದು ಹನಿ ಕರೆಂಟೂ ಇಲ್ಲ. ಆದರೂ ಕೈ ಮಾತ್ರ ಹಳೆಯ ಭಯವನ್ನು ಬಿಟ್ಟಿಲ್ಲ. "ಅಂಗೈಯಲ್ಲಿ ಮುಟ್ಟಿದ್ರೆ ಕರೆಂಟು ಕೈ ಹಿಡ್ಕೊಂಡುಬಿಡುತ್ತೆ, ಬಿಡೋದೇ ಇಲ್ಲ. ಹಿಂದ್ಗಡೆಯಿಂದ ಮುಟ್ಟಿದ್ರೆ ಒದ್ದು ಆಚೆ ಕಳಿಸುತ್ತೆ. ಬಿಡದೆ ಹಿಡ್ಕೊಳ್ಳೋರಿಗಿಂತ ಒದ್ದು ಕಳಿಸೋರು ವಾಸಿ, ಅಲ್ವಾ?" ಎಂದು ನಗುತ್ತಾರೆ. ನಗುವಾಗ ಬಾಯಲ್ಲಿ ಕಚ್ಚಿದ ಟೆಸ್ಟರ್ ಕೂಡ ಕುಣಿಯುತ್ತದೆ.

ಹೆಸರು ಬೇರೆಯೇ ಇದೆ. ಆದರೆ ಈ ಸುತ್ತಿನ ಬೀದಿಗಳಲ್ಲಿ ಅದನ್ನು ಹೇಳಿ ಕೇಳಿದರೆ ಜನ ತಲೆ ಕೆರೆದುಕೊಳ್ಳುತ್ತಾರೆ. ಬೋರ್ಡಕ್ಕ ಎಂದರೆ ಮಾತ್ರ ಮನೆಯ ತನಕ ಕರೆದುಕೊಂಡು ಬಂದು ಬಿಡುತ್ತಾರೆ. ಐವತ್ತು ದಾಟಿದ ಹೆಂಗಸು. ಸೊಂಟಕ್ಕೆ ಬಿಗಿದ ಚರ್ಮದ ಚೀಲದಲ್ಲಿ ಇಕ್ಕಳ, ಸ್ಕ್ರೂಡ್ರೈವರು, ಟೇಪು. ಹೆಗಲ ಮೇಲೆ ತನಗಿಂತ ಎತ್ತರದ ಏಣಿ. ಮೇನ್ ಸ್ವಿಚ್ಚಿನ ಪೆಟ್ಟಿಗೆಯನ್ನು ಕೂರಿಸುವುದರಲ್ಲಿ ಅವರ ಕೈ ಪಳಗಿದ ಕೈ. ಅಜ್ಜಿಕಥೆಯ ರಕ್ಕಸನ ಪ್ರಾಣ ಏಳು ಸಮುದ್ರದಾಚೆಯ ಗಿಣಿಯಲ್ಲಿ ಇರುತ್ತದಲ್ಲ, ಹಾಗೆ ಮನೆಯ ಪ್ರಾಣ ಇರುವುದು ಆ ಪೆಟ್ಟಿಗೆಯಲ್ಲಿ. ದೀಪ ಉರಿಯುವುದು ಎಲ್ಲರಿಗೂ ಕಾಣುತ್ತದೆ. ಗಿಣಿ ಎಲ್ಲಿ ಕೂತಿದೆ ಎಂದು ಯಾರೂ ನೋಡಲು ಹೋಗುವುದಿಲ್ಲ.

ಈ ಮನೆಯ ಗಿಣಿ ಮೆಟ್ಟಿಲ ಕೆಳಗೆ ಸತ್ತು ಬಿದ್ದಿದೆ. ಮರದ ಹಲಗೆ, ಪಿಂಗಾಣಿಯ ಎರಡು ಫ್ಯೂಸು, ಹಿಡಿ ಎಳೆಯುವ ಕಬ್ಬಿಣದ ಸ್ವಿಚ್ಚು. ಸೂರು ಹಾರಿದ ರಾತ್ರಿ ಮಳೆನೀರು ವೈರಿನ ಪೈಪನ್ನೇ ದಾರಿ ಮಾಡಿಕೊಂಡು, ಗೋಡೆಯೊಳಗಿಂದ ಇಳಿದು, ನೇರ ಈ ಹಲಗೆಗೆ ಬಂದಿದೆ. ತಾಮ್ರಕ್ಕೆ ಹಸಿರು ಕಿಲುಬು. ಬೋರ್ಡಕ್ಕ ಫ್ಯೂಸನ್ನು ಕಿತ್ತು ಮೂಸಿ ನೋಡುತ್ತಾರೆ. "ಪಾಪ, ಕೊನೇ ತನಕ ಕೆಲಸ ಮಾಡಿದೆ," ಎಂದು ಅದನ್ನು ಎಸೆಯದೆ ಕಿಟಕಿಯ ಮೇಲಿಡುತ್ತಾರೆ.

ಅಷ್ಟರಲ್ಲಿ ಮನೆಯವರು ಬರುತ್ತಾರೆ. ಸೂರು ಹೋದಾಗಿನಿಂದ ಎರಡು ಬೀದಿ ಆಚೆ ಒಂದು ಬಾಡಿಗೆ ಕೋಣೆಯಲ್ಲಿದ್ದಾರೆ. ಎಪ್ಪತ್ತರ ಹತ್ತಿರದ ತಾಯಿ. ಔಷಧದ ಅಂಗಡಿಯಲ್ಲಿ ಕೆಲಸ ಮಾಡುವ ಮಗ. ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಸೊಸೆ. ಮದುವೆ ಬೇಡವೆಂದು ಮಣ್ಣಿನ ಬಟ್ಟಲು ಮಾಡಿಕೊಂಡಿರುವ ಮಗಳು. ನಾಲ್ವರೂ ಒಟ್ಟಿಗೆ ಸಿಗುವುದು ಈ ಹೊತ್ತಿನಲ್ಲಿ ಮಾತ್ರ. ಅದಕ್ಕೇ ಬೋರ್ಡಕ್ಕ ಹೇಳಿಕಳಿಸಿದ್ದರು: ಕೋಳಿ ಕೂಗೋ ಹೊತ್ತಿಗೆ ಎಲ್ಲರೂ ಬನ್ನಿ, ಸಂಜೆ ಮಾಡೋಣ.

ಈ ಸಂಜೆ ಮಾಡುವ ವಿದ್ಯೆ ಅವರಿಗೆ ಅಪ್ಪನಿಂದ ಬಂದದ್ದು. ಅಪ್ಪನೂ ಇದೇ ಕೆಲಸದವನು. ಮಗಳು ಏಣಿ ಹಿಡಿದುಕೊಳ್ಳುವಷ್ಟು ದೊಡ್ಡವಳಾದ ದಿನದಿಂದ ಜೊತೆಗೆ ಕರೆದೊಯ್ದ. ಹೊಸ ಮನೆಗೆ ಹೋದರೆ ಮೊದಲು ವೈರು ಬಿಚ್ಚುತ್ತಿರಲಿಲ್ಲ. ಬೋರ್ಡು ಬರಬೇಕಾದ ಜಾಗದಲ್ಲಿ ನಿಂತು "ಸಂಜೆ ಆಯ್ತು!" ಎಂದು ಕೂಗುತ್ತಿದ್ದ. ಅಷ್ಟೇ, ಪುಟ್ಟ ಹುಡುಗಿ ಬರಿದಾದ ಕೋಣೆಯಿಂದ ಕೋಣೆಗೆ ಓಡಬೇಕು. ಅಡುಗೆಮನೆಯಲ್ಲಿ ಅತ್ತೆಯಾಗಿ ಒಲೆ ಹಚ್ಚಬೇಕು, ಬಚ್ಚಲಲ್ಲಿ ಮಾವನಾಗಿ ಕೆಮ್ಮಬೇಕು, ಹಜಾರದಲ್ಲಿ ಓದದ ಮಗನಾಗಿ ಬೈಸಿಕೊಳ್ಳಬೇಕು. ಒಂದೇ ಹೊತ್ತಿಗೆ ಯಾರು ಯಾರು ಯಾವ ಯಾವ ಸ್ವಿಚ್ಚು ಹಾಕುತ್ತಾರೆ ಎಂದು ಅಪ್ಪ ಬೆರಳು ಮಡಚುತ್ತಿದ್ದ.

"ನಂಗೆ ಅದು ಆಟ. ಅಪ್ಪನಿಗೆ ಲೋಡಿನ ಲೆಕ್ಕ. ಅತ್ತೆ ಪಾತ್ರ ಅಂದ್ರೆ ನಂಗೆ ಪ್ರಾಣ, ಸೊಸೇನ ಬೈಬೋದಲ್ಲ!" ಎನ್ನುತ್ತಾ ಬೋರ್ಡಕ್ಕ ಕ್ಷಣಹೊತ್ತು ಆ ಹುಡುಗಿಯೇ ಆಗಿಬಿಡುತ್ತಾರೆ. "ಈಗ್ಲೂ ಕೆಲವು ಮನೆ ಮುಂದೆ ಹೋಗುವಾಗ ಅನ್ಸುತ್ತೆ, ಇಲ್ಲಿ ಜನ ಬರೋಕೆ ಮುಂಚೇನೇ ನಾನು ಒಬ್ಳೇ ಸಂಸಾರ ಮಾಡಿದ್ದೆ ಅಂತ."

ಅಪ್ಪ ಹೋದ ಮೇಲೆ ಏಣಿ ಉಳಿಯಿತು. ಆದರೆ ಏಣಿಯ ಮೇಲೆ ಹೆಂಗಸನ್ನು ಕಂಡರೆ ಊರಿಗೆ ತಲೆನೋವು. ಬಾಗಿಲು ತೆರೆದವರು ಹಿಂದೆ ಇಣುಕಿ "ಗಂಡಸ್ರು ಯಾರೂ ಬರಲಿಲ್ವಾ?" ಎಂದು ಕೇಳುತ್ತಿದ್ದರು. ಬೋರ್ಡಕ್ಕನ ಉತ್ತರ ಸಿದ್ಧವಿರುತ್ತಿತ್ತು: "ಕರೆಂಟಿಗೆ ಗಂಡು ಹೆಣ್ಣು ಅಂತ ಭೇದ ಇಲ್ಲ ಸ್ವಾಮಿ, ಯಾರು ಮುಟ್ಟಿದ್ರೂ ಒಂದೇ ಥರ ಒದೆಯುತ್ತೆ." ಕೆಲವರು ನಕ್ಕು ಒಳಗೆ ಬಿಟ್ಟರು, ಕೆಲವರು ಬಾಗಿಲು ಹಾಕಿಕೊಂಡರು. ಒಮ್ಮೆ ಏಣಿ ಜಾರಿ ಮೊಣಕಾಲು ಮುರಿದು ಒಂದಿಡೀ ಮಳೆಗಾಲ ಮಂಚ ಹಿಡಿದದ್ದೂ ಉಂಟು. ಹೊಲಿಗೆ ಅಂಗಡಿ ಇಟ್ಟಿರುವ ಗಂಡ ಆಗ ಗಂಜಿ ಕಾಯಿಸಿ ಕುಡಿಸಿದರು, ಕೆಲಸ ಬಿಡು ಎಂದು ಮಾತ್ರ ಒಂದು ದಿನವೂ ಅನ್ನಲಿಲ್ಲ. "ಅವ್ರು ಸೂಜಿಗೆ ದಾರ ಪೋಣಿಸ್ತಾರೆ, ನಾನು ಪೈಪಿಗೆ ವೈರು ಪೋಣಿಸ್ತೀನಿ. ಇಬ್ರಿಗೂ ಕಣ್ಣೇ ಬಂಡವಾಳ, ಇಬ್ರಿಗೂ ಈಗ ಅದೇ ಮಂಜು."

ಬಿರುಗಾಳಿ ಬಂದ ಮೇಲೆ ಬಿಡುವಿಲ್ಲ. ಕತ್ತಲಿರುವಾಗ ಹೊರಟರೆ ದಿನಕ್ಕೆ ಎರಡು ಮನೆ, ಕಷ್ಟಪಟ್ಟರೆ ಮೂರು. ಎಲ್ಲರದೂ ಒಂದೇ ಮಾತು: ಬೇಗ, ಬೇಗ, ಮೊದಲಿದ್ದ ಹಾಗೇ ಹಾಕಿಬಿಡಿ.

ಈ ಮನೆಯ ತಾಯಿಯದೂ ಅದೇ ಮಾತು. "ನೋಡು ಬೋರ್ಡಕ್ಕ, ಮೊದ್ಲು ಏನಿತ್ತೋ ಅದೇ ಇರ್ಲಿ. ಎಲ್ಲೆಲ್ಲಿ ದೀಪ ಇತ್ತೋ ಅಲ್ಲಲ್ಲೇ. ಹಿಂದಿನ ಕೋಣೆಗಂತೂ ಒಂದು ಬಲ್ಬು, ಒಂದು ಫ್ಯಾನು, ಅವರ ಮೇಜಿನ ದೀಪ. ಅದರ ಮೇಲೆ ಒಂದು ಎಳೆ ವೈರೂ ಬೇಡ."

ಹಿಂದಿನ ಕೋಣೆ ಗಂಡನದು. ಗಡಿಯಾರ ರಿಪೇರಿ ಮಾಡುತ್ತಿದ್ದವರು. ಮೂರು ವರ್ಷದ ಹಿಂದೆ ತೀರಿಕೊಂಡರು. ಬಿರುಗಾಳಿ ಇಡೀ ಮನೆಯನ್ನು ಜಾಲಾಡಿದರೂ ಆ ಕೋಣೆಯ ಸೂರಿಗೆ ಕೈ ಹಾಕಲಿಲ್ಲ. ಕತ್ತು ಬಗ್ಗಿಸಿದ ಮೇಜಿನ ದೀಪ ಇದ್ದಲ್ಲೇ ಇದೆ.

ಮಗಳು ಕೇಳಬೇಕಾದ್ದನ್ನು ಆಗಲೇ ಕೇಳಿ, ಬೇಡ ಎನಿಸಿಕೊಂಡಾಗಿದೆ. ಅವಳಿಗೆ ಬೇಕಿರುವುದು ಬಟ್ಟಲು ಸುಡುವ ಕರೆಂಟಿನ ಗೂಡು. ಇಷ್ಟು ದಿನ ಹಸಿ ಬಟ್ಟಲುಗಳನ್ನು ಹಳೆ ಬಟ್ಟೆಯಲ್ಲಿ ಸುತ್ತಿ, ಬಸ್ಸಿನಲ್ಲಿ ಮಡಿಲ ಮೇಲಿಟ್ಟುಕೊಂಡು, ಊರಾಚೆ ಯಾರದೋ ಗೂಡಿಗೆ ಒಯ್ಯುತ್ತಾಳೆ. ಬಸ್ಸು ಒಮ್ಮೆ ಗುಂಡಿಗೆ ಇಳಿದರೆ ವಾರದ ಕೆಲಸ ಮಡಿಲಲ್ಲೇ ಪುಡಿ. ಗೂಡು ಇಡಲು ಈ ಮನೆಯಲ್ಲಿ ಇರುವುದು ಹಿಂದಿನ ಕೋಣೆಯೊಂದೇ. ಅದಕ್ಕೆ ದಪ್ಪ ವೈರು ಬೇಕು, ಕಂಬದಿಂದ ಬರುವ ಕರೆಂಟನ್ನೇ ಹೆಚ್ಚಿಸಿಕೊಳ್ಳಬೇಕು, ಪೆಟ್ಟಿಗೆ ದೊಡ್ಡದಾಗಬೇಕು. ನಾಳೆ ಬೆಳಿಗ್ಗೆ ಗಾರೆಯವನು ಬಂದು ಗೋಡೆ ಮುಚ್ಚುತ್ತಾನೆ. ಮುಚ್ಚಿದ ಗೋಡೆಯನ್ನು ಮತ್ತೆ ಒಡೆಯಲು ತಾಯಿ ಒಪ್ಪುವುದು ಕನಸಿನ ಮಾತು. ಇವತ್ತು ಆದರೆ ಆಯಿತು, ಇಲ್ಲದಿದ್ದರೆ ಇಲ್ಲ.

"ಮನೆಯವರ ಜಗಳಕ್ಕೂ ಹೈ ಟೆನ್ಶನ್ ಲೈನಿಗೂ ನಾನು ಕೈ ಹಾಕಲ್ಲ," ಎನ್ನುತ್ತಾರೆ ಬೋರ್ಡಕ್ಕ. ತಾಯಿಗೆ ಹೇಳಿದ್ದು ಇಷ್ಟೇ: "ಆಯ್ತಮ್ಮ, ಏನು ಬೇಕೋ ಅದೇ ಹಾಕ್ತೀನಿ. ಎಲೆ ಎಷ್ಟು ಅಂತ ಗೊತ್ತಾಗದೆ ಒಲೆ ಮೇಲೆ ಪಾತ್ರೆ ಇಡೋಕಾಗುತ್ತಾ? ಸಂಜೆ ಏಳು ಗಂಟೆ ಅನ್ಕೊಳ್ಳಿ. ನಿಮ್ಮ ನಿಮ್ಮ ಜಾಗಕ್ಕೆ ಹೋಗಿ ನಿಂತ್ಕೊಳ್ಳಿ. ಏನು ಹಾಕ್ತೀರೋ ಕೂಗಿ ಹೇಳಿ." ಮುಂಬಾಗಿಲ ಪಕ್ಕದ ಒಣಗೋಡೆಗೆ ಬೆನ್ನು ಕೊಟ್ಟು ನಿಂತು, ಅಪ್ಪನ ಹಾಗೇ ಕೂಗುತ್ತಾರೆ. "ಸಂಜೆ ಆಯ್ತು!"

ಮೊದಲು ಎಲ್ಲರಿಗೂ ನಾಚಿಕೆ. ಮಗ ಗಂಟಲು ಸರಿಮಾಡಿಕೊಳ್ಳುತ್ತಾನೆ. ಕೊನೆಗೆ ಸೂರಿಲ್ಲದ ಅಡುಗೆಮನೆಯಿಂದ ತಾಯಿಯ ದನಿ ಬರುತ್ತದೆ. "ಒಲೆ ಮೇಲಿನ ದೀಪ! ಮಿಕ್ಸಿ!"

"ಓದೋ ದೀಪ!" ಕಿಟಕಿಯ ಬಳಿ ಕೂತ ಮಗ ಕೂಗುತ್ತಾನೆ.

"ಓದೋನ ಮುಖ ನೋಡು! ಪುಸ್ತಕದೊಳಗೆ ಏನಿಟ್ಕೊಂಡಿದ್ದೀಯೋ?" ತಾಯಿ ಅಲ್ಲಿಂದಲೇ.

"ಮೆಟ್ಟಿಲ ದೀಪ! ಇಸ್ತ್ರಿಪೆಟ್ಟಿಗೆ!" ಮಗಳು ಮೆಟ್ಟಿಲ ಮೇಲಿಂದ.

"ಹಾಕ್ಬೇಡ್ವೇ! ಅಪ್ಪನ ದೀಪ ಮಂಕಾಗುತ್ತೆ, ಈಗ ಬಯ್ತಾರೆ ನೋಡು!"

ಮಾತು ತಾಯಿಯ ಬಾಯಿಂದ ಹೊರಬಿದ್ದದ್ದೇ ತಡ, ಮನೆ ಸುಮ್ಮನಾಗುತ್ತದೆ. ಹಿಂದಿನ ಕೋಣೆಯಿಂದ "ಯಾರದು ಇಸ್ತ್ರಿ ಹಾಕಿದ್ದು?" ಎಂಬ ದನಿ ಬರಲಿ ಎಂದು ಎಲ್ಲರೂ ಕಾಯುತ್ತಿರುವಂತೆ. ಒಂದೇ ಸಣ್ಣ ವೈರಿನಲ್ಲಿ ಇಡೀ ಮನೆ ಉಣ್ಣುತ್ತಿದ್ದ ಕಾಲ ಅದು. ಇಸ್ತ್ರಿ ಕಾದರೆ ದೀಪ ಕಣ್ಣು ಮುಚ್ಚುತ್ತಿತ್ತು, ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡ ಅಪ್ಪ ಚಿಮಟ ಕೆಳಗಿಟ್ಟು ಕೂಗುತ್ತಿದ್ದರು, ಮಗಳು ಓಡಿ ಸ್ವಿಚ್ಚು ಆರಿಸಿ ಅರ್ಧ ಸುಕ್ಕಿನ ಲಂಗ ಉಟ್ಟು ಮಾರನೇ ದಿನ ಶಾಲೆಗೆ ಹೋಗುತ್ತಿದ್ದಳು. ಹರಿದ ಸೂರಿನ ಕೆಳಗೆ ಆ ಸಂಜೆಗಳೆಲ್ಲ ಹೇಳದೆ ಕೇಳದೆ ಬಂದು ಕೂತುಬಿಟ್ಟಿವೆ.

ನಡುಮನೆಯಲ್ಲಿ ಸೊಸೆ, ಹೆಗಲ ಚೀಲವನ್ನೂ ಇಳಿಸದೆ, ಅತ್ತಿತ್ತ ನೋಡುತ್ತಿದ್ದಾಳೆ. "ಅತ್ತೆ, ನಾನೆಲ್ಲಿ ನಿಲ್ಲಲಿ?"

ಕಿಟಕಿಯಿಂದ ಗಂಡ ಯೋಚಿಸದೆ ಹೇಳುತ್ತಾನೆ, "ನೀನಿನ್ನೂ ಬಂದಿಲ್ಲ ಕಣೇ."

ನಾಲ್ವರೂ ನಗುತ್ತಾರೆ. ನಗುತ್ತಲೇ ತಾಯಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ.

ಬೋರ್ಡಕ್ಕ ಇಷ್ಟು ವರ್ಷದಲ್ಲಿ ಎಂಥೆಂಥ ಸಂಜೆಗಳನ್ನೋ ಕಂಡಿದ್ದಾರೆ. ಪಕ್ಕದ ಮನೆಗೆ ಕೇಳಲಿ ಎಂದು ಇಲ್ಲದ ಎ.ಸಿ.ಯನ್ನು ಕೂಗುವವರು ಇದ್ದಾರೆ, ಎರಡು ಗೀಸರನ್ನು ಮುಚ್ಚಿಟ್ಟು ಮೊದಲ ವಾರವೇ ಬೋರ್ಡು ಸುಟ್ಟುಕೊಂಡವರಿದ್ದಾರೆ. ಆದರೆ ಮನೆಮಂದಿಯೆಲ್ಲ ಒಬ್ಬರ ಕೈ ಒಬ್ಬರು ಹಿಡಿದುಕೊಂಡ ಹಾಗೆ ಹಳೆಯ ಸಂಜೆಯೊಂದಕ್ಕೆ ಇಳಿದುಹೋದದ್ದು ಇದೇ ಮೊದಲು. "ತಪ್ಪಾಗ್ತಿದೆ ಅಂತ ಮಗ 'ಓದೋ ದೀಪ' ಅಂದಾಗ್ಲೇ ನಂಗೆ ಗೊತ್ತಾಯ್ತು. ತಡೆಯೋಕೆ ಮನಸ್ಸಾಗ್ಲಿಲ್ಲ. ಎಷ್ಟು ಚೆಂದ ಇತ್ತು ಗೊತ್ತಾ?" ಎಂದು ಆಮೇಲೆ ಹೇಳುತ್ತಾರೆ.

ಆಗ ಹೇಳಿದ್ದು ಮಾತ್ರ ಕೆಲಸದ ಮಾತು. "ಅಮ್ಮ, ಇದು ಆಗ್ಹೋದ ಸಂಜೆ. ಇದಕ್ಕೆ ನಿಮ್ಮ ಹಳೇ ಬೋರ್ಡೇ ಸಾಕಿತ್ತು. ನಾನು ವೈರು ಎಳೀತಿರೋದು ಬರೋ ಸಂಜೆಗೆ. ಇನ್ನೊಂದ್ಸಲ ಮಾಡೋಣ. ಈ ಸಲ ಸೊಸೆ ಮೊದ್ಲು."

ಎರಡನೆಯ ಸಂಜೆಗೆ ಜನ ಜಾಗ ಬದಲಿಸುತ್ತಾರೆ. ಸೊಸೆ ಚೀಲ ಇಳಿಸಿ, ಡ್ಯೂಟಿ ಮುಗಿಸಿ ಬಂದವಳ ಹಾಗೆ ಬಚ್ಚಲ ಬಾಗಿಲಲ್ಲಿ ನಿಂತು "ಗೀಸರ್! ವಾಷಿಂಗ್ ಮಷಿನ್!" ಎನ್ನುತ್ತಾಳೆ. ಮಗ ಹೊರಗೆ ಹೋಗಿ "ಸ್ಕೂಟರಿಗೆ ಚಾರ್ಜು!" ಎಂದು ಅಂಗಳದಿಂದ ಕೂಗುತ್ತಾನೆ. ತಾಯಿ ಅಡುಗೆಮನೆಯಲ್ಲಿ ಮಿಕ್ಸಿ ಎಂದವರು ಮತ್ತೆ ನೆನಪಿಸಿಕೊಂಡು, "ಫ್ರಿಜ್ಜೂ ಬರ್ಕೋ, ಅದು ಯಾವಾಗ್ಲೂ ಇರುತ್ತೆ," ಎನ್ನುತ್ತಾರೆ. ಬೋರ್ಡಕ್ಕನ ಬೆರಳುಗಳು ಮಡಚಿಕೊಳ್ಳುತ್ತಾ ಹೋಗುತ್ತವೆ. ಮಗಳ ದನಿ ಮಾತ್ರ ಇಲ್ಲ.

ಊಟಕ್ಕೆ ಕರೆಯುವ ರಾಗದಲ್ಲೇ ತಾಯಿ ಕೂಗುತ್ತಾರೆ. "ಎಲ್ಲಿದ್ದೀಯೇ?"

"ಇಲ್ಲೇ." ದನಿ ಹಿಂದಿನ ಕೋಣೆಯ ಕಡೆಯಿಂದ.

ತಾಯಿ ಹೋಗಿ ನೋಡುತ್ತಾರೆ. ಮಗಳು ಕೋಣೆಯ ಹೊಸ್ತಿಲಲ್ಲಿ, ಒಂದು ಕಾಲು ಒಳಗೆ ಒಂದು ಕಾಲು ಹೊರಗೆ.

"ಇದೇನೇ ಇದು ತ್ರಿಶಂಕು ಥರ? ಒಳಗಿರು, ಇಲ್ಲ ಹೊರಗಿರು."

"ಒಳಗೆ ನಂಗೇನಿದೆ ಅಮ್ಮ? ಒಂದು ಬಲ್ಬು, ಒಂದು ಫ್ಯಾನು. ಏನಂತ ಕೂಗ್ಲಿ?"

ತಾಯಿ ಒಳಗೆ ಹೋಗಿ, ಮೇಜಿನ ದೀಪದ ಬಗ್ಗಿದ ಕತ್ತನ್ನು ಸವರಿ, ಧೂಳು ಹತ್ತಿದ ಬೆರಳನ್ನು ನೋಡಿಕೊಳ್ಳುತ್ತಾರೆ. ಆಮೇಲೆ ಗಟ್ಟಿಯಾಗಿ ಕೇಳುತ್ತಾರೆ, "ಬೋರ್ಡಕ್ಕ, ಇವರ ದೀಪಕ್ಕೆ ಎಷ್ಟು ಬೇಕೇ?"

"ಚಿಟಿಕೆ ಅಮ್ಮ. ಉಪ್ಪಿನಷ್ಟೂ ಇಲ್ಲ."

"ಇವಳ ಗೂಡಿಗೆ?"

"ಅದು ಬಕಾಸುರ. ಇಡೀ ಮನೆ ತಿನ್ನೋದನ್ನ ಅದೊಂದೇ ತಿನ್ನುತ್ತೆ."

"ಮತ್ತೆ ಅದನ್ನ ಹಾಕಿದ್ರೆ ಇವರ ದೀಪ ಮಂಕಾಗಲ್ವಾ?"

ಮೂರು ವರ್ಷದಿಂದ ಬೇಡ ಬೇಡ ಎಂದದ್ದರ ಒಳಗೆ ಇದ್ದದ್ದು ಈ ಪ್ರಶ್ನೆ. ಮಗಳು ಅದನ್ನು ಮೊದಲ ಸಲ ಕೇಳಿಸಿಕೊಳ್ಳುತ್ತಿದ್ದಾಳೆ. ಅವಳ ಎರಡೂ ಕಾಲು ಯಾವಾಗ ಒಳಗೆ ಬಂದವೋ ಅವಳಿಗೇ ತಿಳಿಯದು.

ಬೋರ್ಡಕ್ಕ ಬಂದು, ಸುಣ್ಣದ ಚೂರಿನಿಂದ ಗೋಡೆಯ ಮೇಲೆ ಮೂರು ಗೆರೆ ಎಳೆಯುತ್ತಾರೆ. "ಮೊದ್ಲು ಕಂಬದಿಂದ ಒಂದೇ ದಾರೀಲಿ ಬರ್ತಿತ್ತು, ಎಲ್ರೂ ಅದರಲ್ಲೇ ಕಿತ್ತಾಡಿಕೊಂಡು ತಿಂತಿದ್ರು. ಈಗ ಕರೆಂಟ್ ಆಫೀಸಲ್ಲಿ ಮೂರು ದಾರಿ, ತ್ರೀ ಫೇಸ್, ಕೇಳೋಣ. ಒಂದು ಅಡುಗೆಮನೆಗೂ ಗೀಸರಿಗೂ. ಒಂದು ದೀಪ, ಫ್ಯಾನು, ಇನ್ನೆಲ್ಲದಕ್ಕೂ. ಈ ಮೂರನೇದು ಬಕಾಸುರನಿಗೆ ಒಬ್ಬನಿಗೇ. ಅವನು ಎಷ್ಟು ತಿಂದ್ರೂ ಪಕ್ಕದ ಎಲೆಗೆ ಕೈ ಹಾಕಲ್ಲ. ಯಾರಿಗಾದ್ರೂ ಶಾಕ್ ಹೊಡೆಯೋ ಹಾಗಾದ್ರೆ ಪೆಟ್ಟಿಗೇಲಿ ಸ್ವಿಚ್ಚು ತಾನೇ ಬೀಳುತ್ತೆ. ಹಿತ್ತಲಲ್ಲಿ ಅರ್ಥಿಂಗಿಗೆ ಹೊಸ ಗುಂಡಿ ತೋಡೋಣ."

"ಮೂರು ದಾರಿ ಕೂಡೋ ಕಡೆ ನನ್ನ ಸಂಸಾರ ಇಟ್ಟೆ ಅನ್ನು," ತಾಯಿ ಗೊಣಗುತ್ತಾರೆ. ಆಮೇಲೆ ಮಗಳ ಕಡೆ ತಿರುಗದೆ, ದೀಪದ ಕಡೆಗೇ ನೋಡುತ್ತಾ ಹೇಳುತ್ತಾರೆ. "ಕೂಗೇ ಮತ್ತೆ. ಎಲ್ರೂ ಕೂಗಿದ್ದಾರೆ, ನಿಂದೊಂದು ಬಾಕಿ."

ಮಗಳು ಪಿಸುಗುಟ್ಟಿದ ಹಾಗೆ ಹೇಳುತ್ತಾಳೆ. "ಗೂಡು."

"ಕೇಳಿಸ್ಲಿಲ್ಲ!" ಅಂಗಳದಿಂದ ಅಣ್ಣ.

"ಗೂಡು! ಬಟ್ಟಲು ಸುಡೋ ಗೂಡು!"

ಅಷ್ಟು ಹೊತ್ತಿಗೆ ಬಿಸಿಲು ಬಿದ್ದಿದೆ. ಬೋರ್ಡಕ್ಕ ಕೆಲಸಕ್ಕೆ ಇಳಿಯುತ್ತಾರೆ. ಪೆಟ್ಟಿಗೆ ಮೆಟ್ಟಿಲ ಕೆಳಗೆ ಬೇಡ, ಮುಂಬಾಗಿಲ ಪಕ್ಕದ ಒಣಗೋಡೆಗೆ. ತಾಯಿಯ ಕೈಗೂ ಎಟುಕುವ ಎತ್ತರಕ್ಕೆ. ಪೈಪು ಸೂರಿನಿಂದ ನೇರ ಇಳಿಯುವುದು ಬೇಡ. ಒಂದು ಕಡೆ ಕೆಳಗಿಳಿದು, ಮತ್ತೆ ಮೇಲೆ ಹತ್ತಿ ಪೆಟ್ಟಿಗೆ ಸೇರಬೇಕು. "ಮಳೆನೀರಿಗೆ ಇಳಿಯೋದು ಗೊತ್ತು, ಹತ್ತೋದು ಗೊತ್ತಿಲ್ಲ." ಪೆಟ್ಟಿಗೆಯಲ್ಲಿ ಈಗ ಬೇಕಾದ್ದಕ್ಕಿಂತ ಸ್ವಿಚ್ಚು ಕೂರಿಸುವ ಕೆಲವು ಖಾನೆ ಹೆಚ್ಚಿಗೇ ಇರಲಿ ಎನ್ನುತ್ತಾರೆ, ಹುಟ್ಟದವರಿಗೂ ಸಂಜೆ ಇರುತ್ತದಲ್ಲ. ಮಗ ವಿದ್ಯುತ್ ಕಚೇರಿಯ ಅರ್ಜಿಗೆ ತಾಯಿಯ ಸಹಿ ಹಾಕಿಸುತ್ತಾನೆ. ಹಿಂದಿನ ಕೋಣೆಗೆ ಹೋಗುವ ದಪ್ಪ ವೈರಿನ ಒಂದು ತುದಿಯನ್ನು ಬೋರ್ಡಕ್ಕ ತಳ್ಳುತ್ತಿದ್ದರೆ ಇನ್ನೊಂದು ತುದಿಯನ್ನು ಮಗಳು ಎಳೆಯುತ್ತಾಳೆ. ಮಣ್ಣು ಮೆತ್ತಿದ ಬೆರಳುಗಳಿಗೆ ಹಿಡಿತ ಚೆನ್ನಾಗಿದೆ.

ಬಾಗಿಲಲ್ಲಿ ಕೂತು ನೋಡುತ್ತಿದ್ದ ತಾಯಿಗೆ ಇದ್ದಕ್ಕಿದ್ದ ಹಾಗೆ ಏನೋ ಹೊಳೆಯುತ್ತದೆ. "ಅಲ್ವೇ, ನಮ್ಮೆಲ್ಲರನ್ನೂ ಒಂದೊಂದು ಕಡೆ ನಿಲ್ಲಿಸಿದೆ. ಆ ಸಂಜೇಲಿ ನೀನೆಲ್ಲಿ ನಿಲ್ತೀಯ?"

ಬೋರ್ಡಕ್ಕ ಏಣಿಯ ಮೇಲಿಂದ ಬಗ್ಗಿ ನೋಡುತ್ತಾರೆ. "ನಾನಾ? ನಾನು ಇರೋದೇ ಇಲ್ಲಮ್ಮ. ಇರ್ಲೂಬಾರ್ದು. ಸಂಜೆ ಹೊತ್ತಲ್ಲಿ ನಾನು ನಿಮ್ಮನೇಲಿದ್ದೀನಿ ಅಂದ್ರೆ ಏನೋ ಕೆಟ್ಟಿದೆ ಅಂತ ಅರ್ಥ."

ತಾಯಿ ಟೀ ಲೋಟ ತಂದು ಏಣಿಯ ಬುಡದಲ್ಲಿಡುತ್ತಾರೆ.

ಮಧ್ಯಾಹ್ನ ಏಣಿ ಮತ್ತೆ ಹೆಗಲೇರುತ್ತದೆ. ಬೀದಿಯ ಕೊನೆಯಲ್ಲಿ ಇನ್ನೊಂದು ಮನೆ ಕಾಯುತ್ತಿದೆ. ಇಷ್ಟು ವರ್ಷ ದುಡಿದದ್ದಕ್ಕೆ ಆಸೆ ಅಂತ ಏನಾದರೂ ಉಳಿದಿದೆಯಾ ಎಂದರೆ ಬೋರ್ಡಕ್ಕ ಮೊದಲು ತಲೆ ಅಲ್ಲಾಡಿಸುತ್ತಾರೆ. ನಾಲ್ಕು ಹೆಜ್ಜೆ ನಡೆದ ಮೇಲೆ ನಿಲ್ಲುತ್ತಾರೆ. ಹೆಗಲು ಬದಲಿಸುತ್ತಾರೆ.

"ಒಂದಿದೆ. ಯಾರಾದ್ರೂ ಒಂದು ಸಂಜೆ ಫೋನ್ ಮಾಡ್ಬೇಕು. 'ಬೋರ್ಡಕ್ಕ, ಏನೂ ಕೆಟ್ಟಿಲ್ಲ, ಎಲ್ಲಾ ಉರೀತಿದೆ, ಸುಮ್ನೆ ಬಾ' ಅನ್ಬೇಕು."